ಪಕ್ಕದಲ್ಲಿ ಕುಳಿತವರಿಗೂ ಕಾಣುವ ಪರದೆ

ಮನೆಗೊಂದು ಪದಾರ್ಥವನ್ನು ಕೊಳ್ಳುವುದೆಂದರೆ ಅಂಗಡಿಗೆ ಹೋಗಿ, ಹಣ ಕೊಟ್ಟು ತರುವ ಸಾಮಾನ್ಯ ವ್ಯವಹಾರವೆಂದೇ ನಾವು ಭಾವಿಸುತ್ತೇವೆ. ಆದರೆ ಆ ಪದಾರ್ಥ ಎಲ್ಲಿ ಹುಟ್ಟಿತು, ಅದರ ಮೇಲಿನ ತೆರಿಗೆಯೆಷ್ಟು, ಅದನ್ನು ಮಾಡಬಲ್ಲವರು ಯಾರು ಎಂದು ವಿಚಾರಿಸಹೊರಟರೆ ದೇಶದ ಸ್ಥಿತಿಗತಿಯೇ ಅದರೊಳಗೆ ತೋರತೊಡಗುತ್ತದೆ. 2025ರ ದಸರೆಯ ದಿನಗಳಲ್ಲಿ ನಮ್ಮ ಮನೆಯ ಗಣಕಯಂತ್ರಕ್ಕೆ ಹೊಸದೊಂದು ಚಪ್ಪಟೆ ಪರದೆಯನ್ನು ಆರಿಸಬೇಕಾಗಿ ಬಂದಾಗ ನನಗೆ ಈ ಅನುಭವವಾಯಿತು.

ಸರಸ್ವತಿಪುರಂನ ನಮ್ಮ ಮನೆಯ ನಡುಕೋಣೆಯಲ್ಲಿ ಹದಿನೆಂಟು ವರ್ಷಗಳಿಂದ ಹದಿನೇಳು ಅಂಗುಲದ ಮಾನಿಟರೊಂದು ದುಡಿಯುತ್ತಿತ್ತು. ನನ್ನ ತಾಯಿ ಬರೆದಿಟ್ಟಿದ್ದ ಸಂಪ್ರದಾಯದ ಹಾಡುಗಳ ಪುಸ್ತಕಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿರುವುದರಿಂದ ಅವನ್ನು ಪ್ರತಿಮಾಡುವ ಕೆಲಸಕ್ಕೆ ಕೈಹಾಕಿದ್ದೇನೆ. ನಾನು ಬೆರಳಚ್ಚು ಮಾಡುತ್ತೇನೆ. ನನ್ನ ಪತ್ನಿ ಪಕ್ಕದ ಕುರ್ಚಿಯಲ್ಲಿ ಕುಳಿತು ತಿದ್ದುತ್ತಾಳೆ. ಕಾಗದದ ಮೇಲೆ ಅಳಿಸಿಹೋಗಿರುವ ಪದವನ್ನು ಬಾಯಿಂದ ತುಂಬಬಲ್ಲವಳು ಈಗ ಆಕೆಯೊಬ್ಬಳೇ. ಒಂದು ದಿನ ಅಚ್ಚುಹಾಕಿಸಿ ತಂದ ಹಾಳೆಯಲ್ಲಿ ‘ಮುತ್ತಿನಾರತಿ’ ಎಂಬುದು ಒತ್ತಕ್ಷರವಿಲ್ಲದೆ ‘ಮುತಿನಾರತಿ’ ಆಗಿತ್ತು. ಇದು ನಿನ್ನ ಕಣ್ಣಿಗೆ ಏಕೆ ಬೀಳಲಿಲ್ಲವೆಂದು ಕೇಳಿದೆ. “ನೀವು ಎದುರಿಗೆ ಕೂತಿದ್ದೀರಿ, ನಿಮಗೆಲ್ಲಾ ಕಾಣುತ್ತೆ. ಇಲ್ಲಿಂದ ನೋಡಿ, ಬೂದಿ ಬಳಿದ ಹಾಗಿದೆ” ಎಂದಳು. ಆಕೆಯ ಕುರ್ಚಿಯಲ್ಲಿ ಕುಳಿತು ನೋಡಿದೆ. ಮಾತು ನಿಜವಾಗಿತ್ತು. ಹೊಸ ಪರದೆಯನ್ನು ಕೊಳ್ಳುವುದೆಂದು ಆ ದಿನವೇ ನಿಶ್ಚಯವಾಯಿತು.

ಅಂಗಡಿಯ ಬಾಗಿಲಲ್ಲಿ ತೆರಿಗೆ ಇಳಿದಿದೆಯೆಂಬ ಫಲಕವಿತ್ತು. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ದರಗಳು ಬದಲಾದುದು ನಿಜ. 32 ಅಂಗುಲಕ್ಕಿಂತ ದೊಡ್ಡ ಮಾನಿಟರುಗಳ ಮೇಲಿನ ತೆರಿಗೆ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಆದರೆ 32 ಅಂಗುಲದವರೆಗಿನವು 2019ರ ಜನವರಿಯಿಂದಲೇ 18ರ ದರದಲ್ಲಿವೆ. ಮೇಜಿನ ಮೇಲಿಟ್ಟುಕೊಂಡು ಓದುಬರಹ ಮಾಡುವವರು ಕೊಳ್ಳುವುದು ಸಾಮಾನ್ಯವಾಗಿ ಈ ಚಿಕ್ಕವನ್ನೇ. ಆದುದರಿಂದ ಫಲಕದ ಸಂತೋಷದಲ್ಲಿ ನನಗೆ ಪಾಲಿರಲಿಲ್ಲ.

ಅಂಗಡಿಯ ತರುಣ ವಿನಯವಂತ. “ಇಪ್ಪತ್ತೇಳು ಇಂಚಿನದು ತೊಗೊಳ್ಳಿ ಸಾರ್, ಅಕ್ಷರ ದೊಡ್ಡದಾಗಿ ಕಾಣುತ್ತೆ” ಎಂದು ಉಪದೇಶಿಸಿದ. ಇಲ್ಲಿ ವಾಚಕರು ಒಂದು ಲೆಕ್ಕವನ್ನು ಗಮನಿಸಬೇಕು. ಪರದೆಯ ಮೇಲಿನ ಅಕ್ಷರಗಳು ಸಣ್ಣ ಚುಕ್ಕಿಗಳಿಂದಾದವು. ನಮ್ಮ ಹಳೆಯ ಪರದೆಯಲ್ಲಿ ಅಡ್ಡಲಾಗಿ 1280, ಉದ್ದಕ್ಕೆ 1024 ಚುಕ್ಕಿಗಳು. ಎಂದರೆ ಅಂಗುಲಕ್ಕೆ ಸುಮಾರು 96. ತರುಣ ತೋರಿಸಿದ ದೊಡ್ಡ ಪರದೆಯಲ್ಲಿ 1920 ಮತ್ತು 1080. ಆದರೆ ಅವು 27 ಅಂಗುಲದಲ್ಲಿ ಹರಡಿಕೊಂಡಿರುವುದರಿಂದ ಅಂಗುಲಕ್ಕೆ ಸುಮಾರು 82 ಮಾತ್ರ. ಅಷ್ಟೇ ಚುಕ್ಕಿಗಳು 22 ಅಂಗುಲದ ಪರದೆಯಲ್ಲಿದ್ದರೆ ಅಂಗುಲಕ್ಕೆ ನೂರಾಗುತ್ತವೆ. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುವುದರಿಂದ ಈ ಅಂತರ ಅವಕ್ಕೆ ಅಷ್ಟಾಗಿ ಬಾಧಕವಲ್ಲ. ತಲೆಕಟ್ಟು, ಗುಡಿಸು, ಕೊಂಬು, ಕೆಳಗೆ ಒತ್ತು ಎಲ್ಲವನ್ನೂ ಒಂದೇ ಅಕ್ಷರ ಹೊರಬೇಕಾದ ನಮ್ಮ ಲಿಪಿಗೆ ಒಂದೊಂದು ಚುಕ್ಕಿಯೂ ಅಮೂಲ್ಯ. ಅಕ್ಷರದ ಗಾತ್ರವನ್ನು ಯಾವ ಪರದೆಯಲ್ಲಾದರೂ ಹಿಗ್ಗಿಸಿಕೊಳ್ಳಬಹುದು. ಇಲ್ಲದ ಚುಕ್ಕಿಯನ್ನು ತರುವುದಕ್ಕಾಗದು. ಹೀಗೆ ದೊಡ್ಡದನ್ನು ಬಿಟ್ಟು ಚಿಕ್ಕದಕ್ಕೇ ಮನಸ್ಸು ಮಾಡಿದೆ.

ಉಳಿದದ್ದು ಪಕ್ಕದಿಂದ ನೋಡುವವರ ಪ್ರಶ್ನೆ. ಚಪ್ಪಟೆ ಪರದೆಯ ಜೀವಾಳ ದ್ರವಸ್ಫಟಿಕವೆಂಬ ವಸ್ತು. ಅದು ದ್ರವದಂತೆ ಹರಿಯುತ್ತದೆ. ಆದರೆ ಅದರ ಅಣುಗಳು ಸ್ಫಟಿಕದಲ್ಲಿರುವಂತೆ ಒಂದು ದಿಕ್ಕಿಗೆ ಮುಖಮಾಡಿ ನಿಲ್ಲುತ್ತವೆ. ಹಳೆಯ ಬಗೆಯ ಪರದೆಯಲ್ಲಿ ಗಾಜಿನ ನಡುವೆ ತಿರುಚಿಕೊಂಡು ಮಲಗಿರುವ ಈ ಅಣುಗಳು ವಿದ್ಯುತ್ತು ತಾಗಿದಾಗ ಎದ್ದು ನಿಲ್ಲುತ್ತವೆ. ಆಗ ಎದುರಿನಿಂದ ಕಾಣುವ ಚಿತ್ರವೇ ಬೇರೆ, ಓರೆಯಿಂದ ಕಾಣುವುದೇ ಬೇರೆ. 1990ರ ದಶಕದ ನಡುವೆ ಜಪಾನಿನ ಹಿಟಾಚಿ ಸಂಸ್ಥೆ ಮಾರುಕಟ್ಟೆಗೆ ತಂದ ಐ.ಪಿ.ಎಸ್. ಎಂಬ ಬಗೆಯಲ್ಲಿ ಅಣುಗಳು ಎದ್ದು ನಿಲ್ಲದೆ ಗಾಜಿಗೆ ಸಮನಾಗಿ ಮಲಗಿದ್ದಂತೆಯೇ ಹೊರಳುತ್ತವೆ. ಪಕ್ಕದವರಿಗೂ ಹೆಚ್ಚುಕಡಮೆ ಅದೇ ಚಿತ್ರ ಕಾಣುತ್ತದೆ. ನಮಗೆ ಬೇಕಾದುದು ಇದೇ.

ಆದರೆ ಹಳೆಯ ಬಗೆಯ ದೋಷವನ್ನು ಕಡಮೆಮಾಡಲು ಹಿಂದೆಯೇ ಒಂದು ಉಪಾಯ ಬಂದಿತ್ತು. ಅದರ ಮೂಲವನ್ನು ಹುಡುಕುತ್ತ ಹೋದರೆ ದಾರಿ ನಮ್ಮ ಮನೆಯ ಹತ್ತಿರಕ್ಕೇ ಬರುತ್ತದೆ. ಸಿ. ವಿ. ರಾಮನ್ನರ ಸೋದರಿಯ ಮಗ ಎಸ್. ಚಂದ್ರಶೇಖರ್ ಅವರು 1961ರಿಂದ ಹತ್ತು ವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಸರಸ್ವತಿಪುರಂನಿಂದ ನಡೆದೇ ಹೋಗಬಹುದಾದ ಮಾನಸಗಂಗೋತ್ರಿಯಲ್ಲಿ ಅವರು ದ್ರವಸ್ಫಟಿಕಗಳ ಅಧ್ಯಯನವನ್ನು ಬೆಳೆಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಅದುವರೆಗೆ ಕಡ್ಡಿಯಾಕಾರದ ಅಣುಗಳು ಮಾತ್ರವೇ ದ್ರವಸ್ಫಟಿಕವಾಗಬಲ್ಲವೆಂಬ ಭಾವನೆಯಿತ್ತು. ಬಿಲ್ಲೆಯಾಕಾರದ ಅಣುಗಳೂ ಆಗಬಲ್ಲವೆಂಬುದನ್ನು ಅವರು, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ, 1977ರಲ್ಲಿ ‘ಪ್ರಮಾಣ’ ಎಂಬ ನಮ್ಮ ದೇಶದ ವಿಜ್ಞಾನ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಮುಂದೆ 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ಇದೇ ಜಾತಿಯ ಬಿಲ್ಲೆ ಅಣುಗಳಿಂದ ತೆಳುವಾದ ಹಾಳೆಯೊಂದನ್ನು ತಯಾರಿಸಿತು. ಪರದೆಯ ಮೇಲೆ ಆ ಹಾಳೆಯನ್ನಿಟ್ಟರೆ ಓರೆಯಿಂದಲೂ ಚಿತ್ರ ಮೊದಲಿಗಿಂತ ಮೇಲಾಗಿ ಕಾಣುತ್ತಿತ್ತು. ದೋಷ ಪೂರ್ತಿಯಾಗಿ ಹೋಗಲಿಲ್ಲವಾದರೂ ಹಳೆಯ ಬಗೆಯ ಪರದೆಗಳಲ್ಲಿ ಈ ಹಾಳೆಯ ಬಳಕೆ ಲೋಕದಲ್ಲೆಲ್ಲ ಹರಡಿತು.

ಇದನ್ನು ಕೇಳಿ ‘ನಮ್ಮವರು ಕಂಡುಹಿಡಿದರು, ಪರರು ಲಾಭ ಪಡೆದರು’ ಎಂದು ನಿಟ್ಟುಸಿರುಬಿಡುವುದು ಸುಲಭ. ಈ ನಿಟ್ಟುಸಿರಿನಿಂದ ಪ್ರಯೋಜನವಿಲ್ಲ. ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಚಿಪ್ಪು ಮತ್ತು ಪರದೆಗಳ ಉದ್ಯಮಕ್ಕಾಗಿ 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಸಾರಿತು. 2023 ಮತ್ತು 2024ರಲ್ಲಿ ಅದರಡಿ ಒಪ್ಪಿಗೆ ಪಡೆದ ಐದು ಕಾರ್ಖಾನೆಗಳೂ ಚಿಪ್ಪಿನವು. ಅವುಗಳಲ್ಲೊಂದು ಮೈಸೂರಿನದೇ ಆದ ಕೇನ್ಸ್ ಸಂಸ್ಥೆಯದು. ಅದರ ನೆಲೆ ಗುಜರಾತಿನ ಸಾಣಂದ. ಪರದೆಯ ಕಾರ್ಖಾನೆ ಅವುಗಳಲ್ಲಿ ಇಲ್ಲದಿದ್ದರೆ ಅದರಲ್ಲಿ ಆಶ್ಚರ್ಯವೂ ಇಲ್ಲ. ಅಪಾರ ಬಂಡವಾಳ ಬೇಡುವ, ಬೆಲೆ ಇಳಿಯುತ್ತಲೇ ಇರುವ ಉದ್ಯಮವದು. ಕೊರಿಯದ ಸ್ಯಾಮ್‌ಸಂಗ್ 2022ರಲ್ಲಿ ದ್ರವಸ್ಫಟಿಕ ಪರದೆಗಳ ತಯಾರಿಕೆಯನ್ನು ಬಿಟ್ಟಿತು. ಜಪಾನಿನ ಶಾರ್ಪ್ ಸಂಸ್ಥೆ ಸಕಾಯಿಯ ತನ್ನ ದೊಡ್ಡ ಕಾರ್ಖಾನೆಯನ್ನು 2024ರಲ್ಲಿ ನಿಲ್ಲಿಸಿತು. ಇಂದು ಆ ಮಾರುಕಟ್ಟೆ ಬಹುಮಟ್ಟಿಗೆ ಚೀನಾದ ಕೈಯಲ್ಲಿದೆ. ಪಳಗಿದವರೇ ಹಿಮ್ಮೆಟ್ಟಿದ ಕಣಕ್ಕೆ ಸಾಲ ಮಾಡಿ ಇಳಿಯಬೇಕೆಂದು ನಾನು ಹೇಳಲಾರೆ.

ಆದರೆ ಫ್ಯೂಜಿ ಸಂಸ್ಥೆಯ ಉದಾಹರಣೆಯನ್ನು ನಾವು ಬೇರೊಂದು ರೀತಿಯಿಂದ ಓದಬೇಕು. ಆ ಸಂಸ್ಥೆ ಪರದೆಯನ್ನು ಮಾಡಲಿಲ್ಲ. ಪರದೆ ಮಾಡುವವರಿಗೆಲ್ಲ ಬೇಕಾದ ಒಂದು ಹಾಳೆಯನ್ನು ಮಾಡಿತು. ಛಾಯಾಚಿತ್ರದ ಸುರುಳಿಯ ಮೇಲೆ ಲೇಪ ಹಚ್ಚುವ ಅದರ ಹಳೆಯ ವಿದ್ಯೆಯೇ ಇದಕ್ಕೆ ಒದಗಿತು. ಬಿಲ್ಲೆ ಅಣುವಿನ ಜ್ಞಾನ ನಮ್ಮಲ್ಲಿತ್ತು. ಚಂದ್ರಶೇಖರ್ ಅವರು 1991ರಲ್ಲಿ ಬೆಂಗಳೂರಿನಲ್ಲಿ ದ್ರವಸ್ಫಟಿಕ ಸಂಶೋಧನೆಗೆಂದೇ ಒಂದು ಕೇಂದ್ರವನ್ನೂ ಸ್ಥಾಪಿಸಿದರು. ಇಲ್ಲದೆ ಹೋದುದು ಪ್ರಯೋಗಶಾಲೆಯ ಸೀಸೆಯಲ್ಲಿರುವ ಒಂದು ಚಿಟಿಕೆ ವಸ್ತುವನ್ನು ಮೈಲಿಗಟ್ಟಲೆ ಹಾಳೆಯಾಗಿ ಎಳೆಯಬಲ್ಲ ಮಧ್ಯದ ಕೈ. ಇಡೀ ಪರದೆಗೆ ಕೊಡುವ ಸಹಾಯಧನದ ಒಂದಂಶವನ್ನು ಅಂಥ ಮಧ್ಯದ ಕೈಗಳನ್ನು ಬೆಳೆಸುವುದಕ್ಕೆ, ಅಂದರೆ ಒಂದು ಹಾಳೆ, ಒಂದು ಲೇಪ, ಒಂದು ರಾಸಾಯನಿಕದಲ್ಲಿ ನುರಿತ ಸಣ್ಣ ಕಾರ್ಖಾನೆಗಳನ್ನು ವಿಶ್ವವಿದ್ಯಾನಿಲಯಗಳ ಪಕ್ಕದಲ್ಲಿ ನಿಲ್ಲಿಸುವುದಕ್ಕೆ ಮೀಸಲಿಟ್ಟರೆ, ಮುಂದಿನ ‘ಪ್ರಮಾಣ’ದ ಲೇಖನಕ್ಕೆ ಬೇರೆ ಗತಿಯಾದೀತು.

ಕೊನೆಗೆ 22 ಅಂಗುಲದ ಐ.ಪಿ.ಎಸ್. ಪರದೆಯನ್ನು ತಂದೆವು. ಅದಕ್ಕೆ ಬಿಲ್ಲೆಯ ಹಾಳೆ ಬೇಕಿಲ್ಲ. ವಿದ್ಯೆ ಅಷ್ಟು ಮುಂದೆ ಹೋಗಿದೆ. ಹಳೆಯದರ ಹಿಂಬದಿಯ ದೀಪದಲ್ಲಿ ಪಾದರಸವಿರುವುದರಿಂದ ಅದನ್ನು ಗುಜರಿಯವನಿಗೆ ಹಾಕದೆ, ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಲು ಎತ್ತಿಟ್ಟಿದ್ದೇನೆ. ಹಾಗೆ ಎತ್ತಿಡುವಾಗ, ಮಾನಸಗಂಗೋತ್ರಿಯಲ್ಲಿ ಬೆಳೆದ ವಿದ್ಯೆಯ ಒಂದು ತುಣುಕು ಇದರ ಗಾಜಿನ ಮೇಲೂ ಇದ್ದೀತೆಂದು ಒಂದು ಕ್ಷಣ ಕೈ ತಡೆಯಿತು.

ಆ ಸಂಜೆ ಹೊಸ ಪರದೆಯ ಮೇಲೆ ಅದೇ ಹಾಡನ್ನು ತೆರೆದೆ. ನನ್ನ ಪತ್ನಿ ತನ್ನ ಕುರ್ಚಿಯಿಂದ ಅಲುಗಾಡದೆಯೇ ಎರಡು ಪುಟಗಳಲ್ಲಿ ಏಳು ತಪ್ಪುಗಳನ್ನು ತೋರಿಸಿದಳು. ಏಳೂ ನಾನು ಎದುರಿಗೆ ಕುಳಿತು ಮಾಡಿದವೇ.