ಹೂವಿನೆದುರು ಕಾಲು ಗಂಟೆ

ಹಿತ್ತಿಲಲ್ಲಿ ಕುಳಿತು ಜೇನುನೊಣಗಳನ್ನು ಎಣಿಸುವುದು ಕೆಲಸವಿಲ್ಲದವರ ಕೆಲಸವೆಂದು ಸಹಪಾಠಿಗಳಲ್ಲಿ ಅನೇಕರು ನಗಬಹುದು. ನಗಲಿ, ಆದರೆ ಅಮೆರಿಕದಲ್ಲಿ ಸಹಸ್ರಾರು ಗೃಹಸ್ಥರು ಈ ಕೆಲಸವನ್ನೇ ಶ್ರದ್ಧೆಯಿಂದ ಮಾಡಿದ್ದಾರೆ.

2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾನಿಲಯದ ಜೀವಶಾಸ್ತ್ರದ ಪ್ರಾಧ್ಯಾಪಿಕೆ ಗ್ರೆಚೆನ್ ಲೆಬೂನ್ ಅವರು ‘ಗ್ರೇಟ್ ಸನ್‌ಫ್ಲವರ್ ಪ್ರಾಜೆಕ್ಟ್’ ಎಂಬ ಕಾರ್ಯವನ್ನು ಆರಂಭಿಸಿದರು. ಮನೆಯ ಹಿತ್ತಿಲಲ್ಲಾಗಲಿ ಊರವರ ಸಾಮೂಹಿಕ ತೋಟದಲ್ಲಾಗಲಿ ‘ಲೆಮನ್ ಕ್ವೀನ್’ ಎಂಬ ಒಂದೇ ತಳಿಯ ಸೂರ್ಯಕಾಂತಿಯನ್ನು ಬೆಳೆಸುವುದು. ಅದು ಅರಳಿದಾಗ ಗಡಿಯಾರವನ್ನಿಟ್ಟುಕೊಂಡು ಎದುರಿಗೆ ಕುಳಿತು, ಬಂದ ಜೇನುಗಳನ್ನು ಬರೆದು ಕಳುಹಿಸುವುದು. ಇಷ್ಟೇ. ಹೂವು ಒಂದೇ ಆದ್ದರಿಂದ ಒಂದೂರಿನ ಲೆಕ್ಕವನ್ನು ಮತ್ತೊಂದೂರಿನದರೊಡನೆ ಹೋಲಿಸಬಹುದು. ಒಬ್ಬ ವಿಜ್ಞಾನಿ ಜೀವಮಾನವೆಲ್ಲ ಅಲೆದರೂ ಅಷ್ಟು ಹಿತ್ತಿಲುಗಳನ್ನು ಹೊಕ್ಕು ಬರಲಾರ.

ನನಗೆ ಬಹಳ ಹಿಡಿಸಿದ್ದು ಸೊನ್ನೆಯ ಮಾತು. ಒಂದೂ ಜೇನು ಬಾರದಿದ್ದರೆ ಸೊನ್ನೆಯೆಂದೇ ಬರೆದು ಕಳುಹಿಸಬೇಕು. ಕಾದು ಬೇಸತ್ತವನಿಗೆ ಹಾಳೆಯನ್ನು ಹರಿದೆಸೆಯಬೇಕೆನಿಸುವುದು ಸಹಜ. ಎಲ್ಲರೂ ಹಾಗೆ ಮಾಡಿದರೆ ಕಾಗದದ ಮೇಲೆ ದೇಶವೆಲ್ಲ ಜೇನುಮಯವಾಗಿ ಕಾಣುವುದು! (ಹಾಜರಿ ಪುಸ್ತಕ ಹಿಡಿಯುವ ನಮ್ಮ ಅಧ್ಯಾಪಕರಿಗೆ ಇದು ಹೊಸ ತತ್ತ್ವವಲ್ಲ.)

ಶಿಕ್ಷಣವಿಲ್ಲದ ಕಣ್ಣು ಹೂನೊಣವನ್ನೂ ಜೇನೆಂದು ಬಗೆದೀತು ಎಂಬ ಆಕ್ಷೇಪಣೆಯುಂಟು. ಅದು ನಿಜವೇ. ಆದರೆ ಹೆಜ್ಜೇನು, ತುಡುವೆ, ಕೋಲುಜೇನು, ಮಿಸ್ರಿಜೇನು ಇವುಗಳ ಭೇದವನ್ನು ಮಲೆನಾಡಿನ ಹುಡುಗನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪೇಟೆಯವರು ಅವನಿಂದಲೇ ಕಲಿಯಬಹುದು.

ಇದೆಲ್ಲ ನಮಗೇಕೆ ಎನ್ನುವಿರಾ? 1991ರ ಸುಮಾರಿಗೆ ‘ಥಾಯ್ ಸ್ಯಾಕ್‌ಬ್ರೂಡ್’ ಎಂಬ ವೈರಸ್ ರೋಗ ತಗುಲಿ ನಮ್ಮ ನಾಡಿನ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅಳಿದುಹೋದವು. ಪೆಟ್ಟಿಗೆ ಬರಿದಾದುದನ್ನು ಸಾಕಿದವನು ಕಂಡು ಮರುಗಿದನು. ಮರದ ಪೊಟರೆಯಲ್ಲಿದ್ದುದು ಎಷ್ಟು ಅಳಿಯಿತು, ಎಷ್ಟು ಉಳಿಯಿತು ಎಂದು ಲೆಕ್ಕವಿಟ್ಟವರು ಯಾರು? ಮುಂದೊಮ್ಮೆ ಅಂಥದೇ ಕಾಲ ಬಂದರೆ, ಮೊದಲು ಎಷ್ಟಿತ್ತೆಂಬುದನ್ನು ತಿಳಿಯದೆ ನಷ್ಟವನ್ನು ಅಳೆಯುವುದೆಂತು?

ಕಲಾ ಕಾಲೇಜಿನವರಿಗೆ ವಿಜ್ಞಾನದ ಗೊಡವೆಯೇಕೆಂಬ ನೆಪ ಇಲ್ಲಿ ಸಲ್ಲದು. ಅರ್ಥಶಾಸ್ತ್ರದ ಮಿತ್ರರಿಗೆ ಎಣಿಕೆ ಬರುತ್ತದೆ, ಚರಿತ್ರೆಯವರಿಗೆ ತಾರೀಖು ಬರೆಯುವ ಅಭ್ಯಾಸವಿದೆ. ಹೂವಿಗೂ ಹುಡುಕಾಟ ಬೇಡ: ಮನೆಮನೆಯ ಮುಂದೆ ತುಳಸಿಯಿದೆ, ಅದರ ಹೂವಿಗೆ ಜೇನು ಬರುತ್ತದೆ. ವಾರಕ್ಕೊಂದು ಬೆಳಗ್ಗೆ, ಬಿಸಿಲೇರಿದ ಮೇಲೆ, ಹದಿನೈದು ನಿಮಿಷ ಸಾಕು. ಹಾಳೆಗಳನ್ನು ವರ್ಷದಿಂದ ವರ್ಷಕ್ಕೆ ಕೂಡಿಡಲು ನಮ್ಮ ಗ್ರಂಥಭಂಡಾರದಲ್ಲಿ ಬೀರುವಿನ ಒಂದು ಅರೆಯನ್ನು ಬಿಡಿಸಿಕೊಡಬೇಕೆಂದು ಅಧ್ಯಾಪಕರಲ್ಲಿ ನನ್ನ ಬಿನ್ನಹ.