ಅದೃಶ್ಯ ಮಿತ್ರ ಮತ್ತು ಆಕಾಶಭಾಷಿತ: ‘ಹಾರ್ವಿ’ ನಾಟಕದ ಓದು

ನಾಟಕವೊಂದನ್ನು ಕುರಿತು ನಾವು ಕೇಳುವ ಮೊದಲ ಪ್ರಶ್ನೆಯೇ ಎಷ್ಟೋ ವೇಳೆ ನಮ್ಮ ಓದಿನ ದಿಕ್ಕನ್ನು ನಿರ್ಧರಿಸಿಬಿಡುತ್ತದೆ. ಅಮೆರಿಕದ ಲೇಖಕಿ ಮೇರಿ ಚೇಸ್ ಅವರ ‘ಹಾರ್ವಿ’ ಎಂಬ ಹರ್ಷನಾಟಕವನ್ನು ತೌಲನಿಕ ಅಧ್ಯಯನದ ಅಂಗವಾಗಿ ವಿದ್ಯಾರ್ಥಿಗಳೊಡನೆ ಓದಿದಾಗ ಈ ಮಾತು ನನಗೆ ಮತ್ತೊಮ್ಮೆ ಮನವರಿಕೆಯಾಯಿತು. ಅವರು ಬರೆದು ತಂದ ಪ್ರಬಂಧಗಳಲ್ಲಿ ಬಹುಪಾಲು ಒಂದೇ ತೀರ್ಮಾನವನ್ನು ಮುಟ್ಟಿದ್ದವು: ನಾಯಕನು ಮನೋರೋಗಿ, ಅವನ ಗೆಳೆಯನು ಬರಿಯ ಭ್ರಮೆ. ಈ ತೀರ್ಮಾನಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನಾಟಕವು ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿಯೇ ಈ ಓದು ಮುಗಿದುಹೋಗುತ್ತದೆ ಎಂಬುದು ನನ್ನ ಆಕ್ಷೇಪ.

1944ರ ನವೆಂಬರ್ 1ರಂದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಆರಂಭವಾದ ಈ ನಾಟಕ 1775 ಪ್ರದರ್ಶನಗಳನ್ನು ಕಂಡಿತು, 1945ರಲ್ಲಿ ಪುಲಿಟ್ಜರ್ ಪ್ರಶಸ್ತಿಗೆ ಪಾತ್ರವಾಯಿತು, 1950ರಲ್ಲಿ ಚಲನಚಿತ್ರವಾಯಿತು. ಎಲ್ವುಡ್ ಡೌಡ್ ಎಂಬ ಸೌಮ್ಯ ಸ್ವಭಾವದ, ಮದ್ಯಪ್ರಿಯನಾದ ಗೃಹಸ್ಥನಿಗೆ ಹಾರ್ವಿ ಎಂಬ ಗೆಳೆಯನಿದ್ದಾನೆ. ಆರು ಅಡಿಗೂ ಮಿಕ್ಕ ಎತ್ತರದ ಈ ಬಿಳಿಯ ಮೊಲ ಉಳಿದವರ ಕಣ್ಣಿಗೆ ಬೀಳುವುದಿಲ್ಲ. ಮನೆಯ ಮರ್ಯಾದೆಗೆ ಅಂಜಿದ ಅಕ್ಕ ವೀಟಾ ತಮ್ಮನನ್ನು ಮಾನಸಿಕ ಚಿಕಿತ್ಸಾಲಯಕ್ಕೆ ಕರೆದೊಯ್ಯುತ್ತಾಳೆ. ಅಲ್ಲಿ ತನಗೂ ಒಮ್ಮೊಮ್ಮೆ ಆ ಮೊಲ ಕಂಡದ್ದುಂಟೆಂದು ಬಾಯಿ ತಪ್ಪಿ ಹೇಳಿದ್ದರಿಂದ ವೈದ್ಯರು ಅವಳನ್ನೇ ದಾಖಲು ಮಾಡಿಕೊಳ್ಳುತ್ತಾರೆ. ಕೊನೆಗೆ ಡೌಡನಿಗೆ ಚುಚ್ಚುಮದ್ದು ಕೊಡುವ ಗಳಿಗೆ ಬರುತ್ತದೆ. ಅಲ್ಲಿಗೆ ಬರುವಾಗ ನಗುತ್ತ, ದಾರಿಯ ಸೊಬಗನ್ನು ಸವಿಯುತ್ತ ಬರುವ ಜನ, ಮದ್ದು ಪಡೆದು ಮರಳುವಾಗ ಸಿಡಿಮಿಡಿಗೊಳ್ಳುವ ‘ಸಾಮಾನ್ಯ’ರಾಗಿರುತ್ತಾರೆಂದು ಟ್ಯಾಕ್ಸಿ ಚಾಲಕನು ವೀಟಾಳಿಗೆ ತಿಳಿಸುತ್ತಾನೆ. ಅವಳು ಚಿಕಿತ್ಸೆಯನ್ನು ತಡೆಯುತ್ತಾಳೆ. ಹೀಗೆ ‘ಇವನು ಹುಚ್ಚನೆ?’ ಎಂಬ ಪ್ರಶ್ನೆ ಹಿಂದೆ ಸರಿದು, ‘ಇವನನ್ನು ಸರಿಪಡಿಸಿದರೆ ನಾವು ಕಳೆದುಕೊಳ್ಳುವುದೇನು?’ ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಈ ಎರಡನೆಯ ಪ್ರಶ್ನೆ ಕನ್ನಡದ ವಿದ್ಯಾರ್ಥಿಗೆ ಹೊಸದಾಗಬೇಕಿಲ್ಲ. ದಶರೂಪಕಗಳಲ್ಲಿ ಒಂದಾದ ಭಾಣದಲ್ಲಿ ರಂಗದ ಮೇಲಿರುವವನು ವಿಟನೊಬ್ಬನೇ. ಇಲ್ಲದವರೊಡನೆ ಅವನು ಮಾತನಾಡುತ್ತಾನೆ, ‘ಏನೆನ್ನುತ್ತೀಯೆ?’ ಎಂದು ಕೇಳಿ, ಬಾರದ ಉತ್ತರವನ್ನು ತಾನೇ ಕೇಳಿಸಿಕೊಳ್ಳುತ್ತಾನೆ. ಧನಂಜಯನು ಇದನ್ನು ಆಕಾಶಭಾಷಿತವೆಂದು ಕರೆದಿದ್ದಾನೆ. ಅವನನ್ನು ಪ್ರೇಕ್ಷಕರಾರೂ ಹುಚ್ಚನೆನ್ನುವುದಿಲ್ಲ. ಬಸವಪ್ಪ ಶಾಸ್ತ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದ ‘ವಿಕ್ರಮೋರ್ವಶೀಯ’ದ ಪುರೂರವನು ನವಿಲನ್ನೂ ಕೋಗಿಲೆಯನ್ನೂ ಊರ್ವಶಿಯ ಸುಳಿವು ಕೇಳುತ್ತಾನೆ. ಭಾಸನ ಉದಯನನಂತೂ ತಾನು ವಾಸವದತ್ತೆಯನ್ನು ಕಂಡದ್ದು ಭ್ರಮೆಯೇ ಆಗಿದ್ದರೆ ಆ ಭ್ರಮೆ ಬಹುಕಾಲ ಉಳಿಯಲೆಂದು ಹಾರೈಸುತ್ತಾನೆ. ಅದು ಭ್ರಮೆಯಲ್ಲ, ಆಕೆ ನಿಜವಾಗಿಯೂ ಬಂದಿದ್ದಳೆಂಬುದು ಪ್ರೇಕ್ಷಕನಿಗೆ ಮಾತ್ರ ಗೊತ್ತು.

‘ಹಾರ್ವಿ’ಯಲ್ಲಿಯೂ ರಂಗಭೂಮಿ ತಟಸ್ಥವಾಗಿ ಉಳಿದಿಲ್ಲ. ಯಾರೂ ಮುಟ್ಟದ ಬಾಗಿಲು ತಾನಾಗಿ ತೆರೆದು ಮುಚ್ಚುತ್ತದೆ. ಡೌಡನ ಭ್ರಮೆಯನ್ನು ಬಿಡಿಸಹೊರಟ ಹಿರಿಯ ವೈದ್ಯನೇ ಹಾರ್ವಿಯ ಸ್ನೇಹಕ್ಕೆ ಹಾತೊರೆಯುತ್ತಾನೆ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯಲ್ಲಿ ಗೆದ್ದ ಪುಟ್ಟು ಟೊಳ್ಳಾಗಿ, ಸೋತ ಮಾಧು ಗಟ್ಟಿಯಾಗಿ ಕಾಣುವುದನ್ನು ಬಲ್ಲ ನಮಗೆ, ಅಳತೆಗೋಲನ್ನೇ ಅಳೆದು ನೋಡುವ ಹರ್ಷನಾಟಕದ ಈ ರೀತಿ ಪರಿಚಿತವೇ ಆಗಿದೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಮನೋವ್ಯಾಧಿ ನಿಜವಾದ ನೋವು. ಅದಕ್ಕೆ ಚಿಕಿತ್ಸೆ ಬೇಕು. ಡೌಡನ ಮುಗುಳ್ನಗೆಯನ್ನು ಮುಂದಿಟ್ಟುಕೊಂಡು ಉನ್ಮಾದವನ್ನು ವೈಭವೀಕರಿಸುವ ಓದು, ಅವನನ್ನು ರೋಗಿಯೆಂದಷ್ಟೇ ಕಾಣುವ ಓದಿನಷ್ಟೇ ಅವಸರದ್ದು. ಆದರೆ ತಮ್ಮಂತಿಲ್ಲದವರನ್ನೆಲ್ಲ ರೋಗಿಗಳೆನ್ನುವುದು ಬೇರೆಯೇ ಮಾತು. ಸಮುದಾಯದ ನೈತಿಕ, ಸಾಮಾಜಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಒಬ್ಬನು ಹೊಂದಿಕೊಳ್ಳಲಿಲ್ಲವೆಂಬುದು ಮನೋರೋಗವನ್ನು ನಿರ್ಣಯಿಸಲು ಆಧಾರವಾಗಕೂಡದೆಂದು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೇ ಹೇಳುತ್ತದೆ. ಡೌಡನು ಅಸಹಜನೆಂದು ಮನೆಯವರು ನಿರ್ಧರಿಸಿದ್ದು ಹೇಗೆ? ನೆಂಟರಿಷ್ಟರು ಮನೆಗೆ ಬರಲು ಹಿಂಜರಿಯುತ್ತಾರೆ, ಸೋದರಸೊಸೆಗೆ ವರ ದೊರೆಯುವುದಿಲ್ಲ ಎಂಬ ಚಿಂತೆಯಿಂದ. ಮೇಲಾಗಿ ತಾಯಿಯ ಆಸ್ತಿಯೆಲ್ಲ ಅವನ ಹೆಸರಿನಲ್ಲಿದೆ. ಪ್ರಬಂಧಗಳು ಗಮನಿಸದೆ ಬಿಟ್ಟಿದ್ದು ಈ ಸಂಗತಿಗಳನ್ನೇ.

ಆದುದರಿಂದ ಒಂದು ಭಾನುವಾರ ಶೋಳಿಂಗನಲ್ಲೂರಿನ ನನ್ನ ಮನೆಗೆ ವಿದ್ಯಾರ್ಥಿಗಳನ್ನು ಕರೆದು, ಕೆಲವು ದೃಶ್ಯಗಳನ್ನು ಅವರಿಂದಲೇ ಕನ್ನಡಿಸಿ ಗಟ್ಟಿಯಾಗಿ ಓದಿಸಿದೆ. ಹಾರ್ವಿಗೆಂದು ಒಂದು ಕುರ್ಚಿಯನ್ನು ಖಾಲಿ ಬಿಟ್ಟಿದ್ದೆವು. ಡೌಡನ ರೋಗಲಕ್ಷಣಗಳನ್ನು ಕ್ರಮಸಂಖ್ಯೆ ಹಾಕಿ ಪಟ್ಟಿಮಾಡಿದ್ದ ವಿದ್ಯಾರ್ಥಿನಿಯೇ ತಡವಾಗಿ ಬಂದ ಗೆಳತಿಗೆ, “ಅಲ್ಲಿ ಕೂರಬೇಡ, ಅದು ಹಾರ್ವಿಯದು” ಎಂದಳು. ಎಲ್ಲರೂ ನಕ್ಕರು, ಆದರೂ ಗೆಳತಿ ಆ ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ಕುಳಿತಳು.

ತಮಿಳುನಾಡಿನ ರಾಜಧಾನಿಯಲ್ಲಿ ಕನ್ನಡವನ್ನು ಬೋಧಿಸುವವರು ಬೆರಳೆಣಿಕೆಯ ವಿದ್ಯಾರ್ಥಿಗಳ ಮುಂದೆ, ಇನ್ನೂ ಬಾರದ ಓದುಗನನ್ನು ಉದ್ದೇಶಿಸಿಯೂ ಮಾತನಾಡಬೇಕಾಗುತ್ತದೆ. ಪಂಪನೂ ಜನ್ನನೂ ತರಗತಿಯಲ್ಲಿ ಅದೃಶ್ಯರೇ. ಅವರಿಗೊಂದು ಆಸನವನ್ನು ಕಾದಿರಿಸುವ ಕಲ್ಪನೆಯಿಲ್ಲದೆ ಸಾಹಿತ್ಯಾಧ್ಯಯನವೆಂಬುದೇ ಇಲ್ಲ. ನಾಟಕವನ್ನು ರೋಗನಿದಾನದ ಕಡತವಾಗಿ ಓದುವುದಕ್ಕೆ ಮೊದಲು ಒಮ್ಮೆ ಅದನ್ನು ಗಟ್ಟಿಯಾಗಿ ಓದಿ ನೋಡಬೇಕೆಂಬುದು ವಿದ್ಯಾರ್ಥಿಮಿತ್ರರಲ್ಲಿ ನನ್ನ ವಿನಂತಿ.