'ಎಸ್ಸಿ ಎಸ್ಟಿ ಮಕ್ಕಳು ಎದ್ದು ನಿಂತ್ಕೊಳ್ಳಿ' ಅನ್ನೋದನ್ನ ನಿಲ್ಲಿಸಿ

ಸ್ಕಾಲರ್‌ಶಿಪ್ ಅರ್ಜಿ ಹಾಕೋ ಕಾಲ ಬಂದ್ರೆ ಎಷ್ಟೋ ಶಾಲೆಗಳಲ್ಲಿ ಈಗಲೂ ಈ ಮಾತು ಕೇಳಿಸುತ್ತೆ. ಹೇಳುವ ಮೇಷ್ಟ್ರಿಗೆ ಅದು ಒಂದು ನಿಮಿಷದ ಕೆಲಸ. ಆದರೆ ಎದ್ದು ನಿಂತ ಹದಿಮೂರು ವರ್ಷದ ಹುಡುಗಿಯ ಕಡೆ ಇಡೀ ಕ್ಲಾಸು ತಿರುಗಿ ನೋಡುತ್ತೆ. ಸ್ನೇಹ, ಮರ್ಯಾದೆ, 'ನಾನು ಯಾರು' ಅನ್ನೋ ಪ್ರಶ್ನೆ ಎಲ್ಲಾ ಹುಟ್ಟೋ ವಯಸ್ಸು ಅದು.

"ಇದೆಲ್ಲಾ ಸಣ್ಣ ವಿಷಯ ಬಿಡಿ" ಅನ್ನೋರು ಒಂದು ಪ್ರಯೋಗದ ಬಗ್ಗೆ ತಿಳ್ಕೊಬೇಕು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಅದನ್ನು ನಡೆಸಿದರು. 2004ರಲ್ಲಿ ವಿಶ್ವಬ್ಯಾಂಕ್ ಅದರ ವರದಿ ಪ್ರಕಟಿಸಿತು. 6 ಮತ್ತು 7ನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟರು. ಬಿಡಿಸಿದ ಒಂದೊಂದಕ್ಕೂ ಒಂದು ರೂಪಾಯಿ. ಜಾತಿ ಹೇಳದೆ ಆಡಿಸಿದಾಗ ಮೇಲ್ಜಾತಿ ಹುಡುಗರಿಗೂ ದಲಿತ ಹುಡುಗರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಎಲ್ಲರ ಎದುರು ಹೆಸರಿನ ಜೊತೆ ಜಾತಿಯನ್ನೂ ಓದಿ ಹೇಳಿದಾಗ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿದುಹೋಯ್ತು.

ಅಂದ್ರೆ ಕೊರತೆ ಇದ್ದದ್ದು ನಮ್ಮ ಮಕ್ಕಳ ಬುದ್ಧಿಯಲ್ಲಲ್ಲ. ಮೊದಲು ಜಾತಿ ಕೂಗಿ ಹೇಳೋದು, ಆಮೇಲೆ ಮಾರ್ಕ್ಸ್ ಕಮ್ಮಿ ಬಂದ್ರೆ "ಇವರ ಹಣೆಬರಹ ಇಷ್ಟೇ" ಅನ್ನೋದು. ಇದ್ಯಾವ ನ್ಯಾಯ?

ಅವಮಾನ ಅಷ್ಟಕ್ಕೇ ನಿಲ್ಲೋದೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನಾವೆಲ್ಲ ನೋಡಿದ್ದೀವಿ. ಯಾರನ್ನು ಎಬ್ಬಿಸಿ ನಿಲ್ಲಿಸಬೇಕು ಅಂತ ಗೊತ್ತಿರೋ ವ್ಯವಸ್ಥೆಗೆ ಯಾರನ್ನು ಗುಂಡಿಗೆ ಇಳಿಸಬೇಕು ಅಂತಾನೂ ಗೊತ್ತಿರುತ್ತೆ.

ಪಕ್ಕದ ತಮಿಳುನಾಡನ್ನೇ ನೋಡಿ. 2023ರ ಆಗಸ್ಟ್‌ನಲ್ಲಿ ನಾಂಗುನೇರಿಯಲ್ಲಿ ದಲಿತ ವಿದ್ಯಾರ್ಥಿಯೊಬ್ಬನನ್ನು ಜೊತೆಯಲ್ಲಿ ಓದುವ ಹುಡುಗರೇ ಮನೆಗೆ ನುಗ್ಗಿ ಮಚ್ಚಿನಿಂದ ಕೊಚ್ಚಿದರು. ಆಮೇಲೆ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿ ನೇಮಿಸಿತು. 2024ರಲ್ಲಿ ಬಂದ ವರದಿ, ಹಾಜರಿ ಪುಸ್ತಕದಲ್ಲಿ ಜಾತಿ ಇರಕೂಡದು, ಜಾತಿ ಸೂಚಿಸುವ ಬಣ್ಣದ ಕೈದಾರ ಕಟ್ಟಕೂಡದು ಎಂದು ಹೇಳಿತು. ನಮ್ಮಲ್ಲೂ ರಕ್ತ ಹರಿಯೋವರೆಗೆ ಕಾಯಬೇಕಾ?

"ಜಾತಿ ಹೇಳಬಾರದು ಅಂದ್ರೆ ಮೀಸಲಾತಿ ಮಾತ್ರ ಯಾಕೆ ಬೇಕು?" ಅಂತ ಕಾಮೆಂಟ್ ಹಾಕೋರು ಬಂದೇ ಬರ್ತಾರೆ. ಮೀಸಲಾತಿ, ಸ್ಕಾಲರ್‌ಶಿಪ್ ನಮ್ಮ ಹಕ್ಕು. ಅದಕ್ಕೆ ಜಾತಿ ಪ್ರಮಾಣಪತ್ರ ಇದೆ, ಆರ್‌ಡಿ ನಂಬರ್ ಇದೆ, ಪೋರ್ಟಲ್ ಇದೆ. ದಾಖಲೆಯಲ್ಲಿ ಇರಬೇಕಾದ್ದು ದಾಖಲೆಯಲ್ಲೇ ಇರಲಿ. ಅದನ್ನು ತರಗತಿಯಲ್ಲಿ ಕೂಗಿ ಹೇಳಬೇಕು ಅಂತ ಯಾವ ಕಾನೂನೂ ಹೇಳಿಲ್ಲ.

ನಮ್ಮ ಜಾತಿ ಹೇಳ್ಕೊಳ್ಳೋಕೆ ನಮಗೆ ನಾಚಿಕೆ ಇಲ್ಲ. ಆದರೆ ಅದನ್ನು ಯಾವಾಗ, ಯಾರ ಮುಂದೆ ಹೇಳಬೇಕು ಅನ್ನೋದನ್ನು ನಮ್ಮ ಮಕ್ಕಳೇ ತೀರ್ಮಾನಿಸಲಿ.

ಹೆಡ್‌ಮಾಸ್ಟರುಗಳೇ, ಅರ್ಜಿ ವಿಚಾರ ಇದ್ರೆ ಒಬ್ಬೊಬ್ಬರನ್ನೇ ನಿಮ್ಮ ಕೋಣೆಗೆ ಕರೆದು ಹೇಳಿ. ಎಸ್‌ಡಿಎಂಸಿಯಲ್ಲಿರೋ ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು ಮುಂದಿನ ಸಭೆಯಲ್ಲೇ ಈ ಮಾತೆತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಇದಕ್ಕೆ ಒಂದು ಪೈಸೆ ಖರ್ಚೂ ಆಗಲ್ಲ.

ಜೈ ಭೀಮ್.